ಎಡೆಗೆ ಇಟ್ಟ ಸೀರೆ

ಡಿಸೆಂಬರ್ ಹುಟ್ಟಿತೆಂದರೆ ನಾನು ಕಾಡುಗೋಡಿ ಮಾರ್ಕೆಟ್ಟಿನೊಳಗೆ ಕಾಲಿಡುವುದಿಲ್ಲ. ಮನೆಯಿಂದ ನನ್ನ ಆಫೀಸಿಗೆ ಹೋಗಲು ಅದೇ ಹತ್ತಿರದ ದಾರಿ. ಆದರೂ ಸುತ್ತು ಬಳಸಿ, ಬಸ್ಸುಗಳ ಹೊಗೆ ಕುಡಿದುಕೊಂಡು, ಬೇಕರಿಯ ಹಿಂದಿನ ಸಂದಿಯಲ್ಲಿ ತೂರಿಕೊಂಡು ಹೋಗುತ್ತೇನೆ. ಅವರೆಕಾಯಿಯ ಸೊಗಡನ್ನು ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ಈ ಮಾತನ್ನು ನಮ್ಮ ಕಡೆಯವರ ಮುಂದೆ ಆಡುವ ಹಾಗಿಲ್ಲ. ಅವರೆಕಾಯಿ ಬೇಡವೆನ್ನುವವರು ನಮ್ಮೂರಲ್ಲಿ ಹುಟ್ಟುವುದೇ ಇಲ್ಲ ಎಂದು ಅವರು ನಂಬಿದ್ದಾರೆ.

ನಿನ್ನೆ ಮಾತ್ರ ಬೇಕೆಂದೇ ಹೋದೆ. ಗೋಣಿಚೀಲದ ಮೇಲೆ ಗುಡ್ಡೆ ಹಾಕಿದ್ದ ಕಾಯಿಯನ್ನು ಒಂದು ಹಿಡಿ ತೆಗೆದು ಮೂಗಿಗೆ ಹಿಡಿದೆ. "ಇಬ್ನಿ ಕುಡ್ದಿರೋ ಕಾಯಿ ಅಕ್ಕಾ, ಮೂಸಿ ನೋಡೋದೇ ಬೇಡ" ಎಂದಳು ಮಾರುವವಳು. ಎರಡು ಕೆಜಿ ತೂಗಿಸಿಕೊಂಡು ಮನೆಗೆ ಬಂದೆ. ಈಗಷ್ಟೇ ಒಂದೆರಡು ಬಿಡಿಸಿ ನೋಡಿದ್ದಕ್ಕೇ ಬೆರಳಿಗೆಲ್ಲ ಅದರ ಅಂಟು ಹತ್ತಿದೆ, ಕೈ ತೊಳೆಯದೆ ಇದನ್ನು ಬರೆಯುತ್ತಿದ್ದೇನೆ. ಯಾಕೆ ಹೋದೆ ಎಂದು ಹೇಳಬೇಕಾದರೆ ಎಂಟು ವರ್ಷದ ಹಿಂದಿನ ಒಂದು ಚಳಿಗಾಲದ ಕಥೆ ಹೇಳಬೇಕು.

ಆಗ ನಾನು ಲಾ ಕಾಲೇಜಿನಲ್ಲಿ ಮೂರನೇ ವರ್ಷ. ಮೂರನೇ ವರ್ಷವೆಂದರೆ ಇಂಟರ್ನ್‌ಶಿಪ್ಪಿನ ವರ್ಷ. ಬೇಸಿಗೆ ರಜೆಯಲ್ಲಿ ಒಂದು ತಿಂಗಳಾದರೂ ದೊಡ್ಡ ಲಾ ಫರ್ಮ್ ಒಂದರಲ್ಲಿ ಕೂತು ಬರಬೇಕು. ಹಾಗೆ ಕೂತು ಬಂದವರಿಗೇ ಮುಂದೆ ಕೆಲಸ. ಉಳಿದವರು ಕೋರ್ಟಿನ ಆವರಣದಲ್ಲಿ ಮರದ ಕೆಳಗೆ ಕುರ್ಚಿ ಹುಡುಕಿಕೊಳ್ಳಬೇಕು ಎಂದು ಸೀನಿಯರ್‌ಗಳು ಹೆದರಿಸಿಟ್ಟಿದ್ದರು. ಮೇ ತಿಂಗಳ ಸೀಟಿಗೆ ನವೆಂಬರಿನಲ್ಲೇ ಅರ್ಜಿ. ನಾನು ಮೂವತ್ತೆರಡು ಕಡೆ ಮೇಲ್ ಕಳಿಸಿದೆ. ಇಪ್ಪತ್ತೇಳು ಕಡೆಯಿಂದ ಸದ್ದೇ ಇಲ್ಲ. ನಾಲ್ಕು ಕಡೆ ವಿಷಾದಿಸಿದರು. ಅದರಲ್ಲಿ ಒಬ್ಬರು 'ಪ್ರಿಯ ಮಿಸ್ಟರ್ ಭವ್ಯ' ಎಂದು ವಿಷಾದಿಸಿದರು. ಕ್ಲಾಸಿನಲ್ಲಿ ಯಾರದೋ ಮಾವ ಜಡ್ಜ್, ಯಾರದೋ ಅಪ್ಪ ಸೀನಿಯರ್ ಅಡ್ವೊಕೇಟ್. ನಮ್ಮಪ್ಪ ಕಾಡುಗೋಡಿಯಲ್ಲಿ ಕಂಪನಿ ಹುಡುಗರಿಗೆ ರೂಮು ಬಾಡಿಗೆ ಕೊಟ್ಟುಕೊಂಡು, ಹೂಡಿಯ ಕಡೆ ಉಳಿದಿದ್ದ ಮುಕ್ಕಾಲು ಎಕರೆಯಲ್ಲಿ ಹಟಕ್ಕೆ ಬಿದ್ದವರಂತೆ ರಾಗಿ, ಅವರೆ ಬೆಳೆಯುತ್ತಿದ್ದ ಮನುಷ್ಯ. ಸುತ್ತ ಮೂರು ಕಡೆ ಗಾಜಿನ ಕಟ್ಟಡ, ನಡುವೆ ನಮ್ಮ ಅವರೆ ಸಾಲು. ಮೆಟ್ರೊ ಆಗಿನ್ನೂ ಕಂಬಗಳಷ್ಟೇ.

ಉಳಿದದ್ದು ಒಂದು ಫರ್ಮ್. ಅಲ್ಲಿ ಸಿವಿ ಜೊತೆಗೆ ಸ್ವಂತ ಕೆಲಸದ ಮಾದರಿ ಒಂದನ್ನು ಕಳಿಸಬೇಕಿತ್ತು. ಕಾಲೇಜಿನ ಸೀನಿಯರ್ ಒಬ್ಬಳು ನನ್ನ ಸಿವಿಯನ್ನು ಮೇಲಿಂದ ಕೆಳಗೆ ನೋಡಿ, "ಮೂಟ್ ಕೋರ್ಟ್ ಸ್ಪರ್ಧೆ ಇಲ್ಲ, ಆರ್ಟಿಕಲ್ ಇಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೇ. ನೀನೇ ಕೈಯಾರೆ ಮಾಡಿರೋ ಲೀಗಲ್ ಕೆಲ್ಸ ಏನಾದ್ರೂ ಇದ್ಯೇನೇ?" ಎಂದು ಕೇಳಿದಳು.

ಇತ್ತು. ಆ ದಸರಾದ ಹೊತ್ತಿಗೆ ಅಪ್ಪ ಕೊನೆಗೂ ಸೋತು, ಹೊಲವನ್ನು ಒಬ್ಬ ಬಿಲ್ಡರಿಗೆ ಕೊಡಲು ಒಪ್ಪಿದ್ದರು. ಬಿಲ್ಡರ್ ಕಡೆಯವರು ಕೇಳಿದ ಕಾಗದಗಳಲ್ಲಿ ವಂಶವೃಕ್ಷವೂ ಒಂದು. ಮನೆತನದಲ್ಲಿ ಯಾರಿಗೆ ಯಾರು ಹುಟ್ಟಿದರು, ಯಾರಿದ್ದಾರೆ, ಯಾರಿಲ್ಲ ಎಂದು ಗೆರೆ ಎಳೆದು ಬರೆದು, ನೋಟರಿ ಮುಂದೆ ಪ್ರಮಾಣ ಮಾಡುವ ಕಾಗದ ಅದು. "ಮನೇಲೇ ಲಾಯರ್ ಇರೋವಾಗ ಟೈಪ್ ಮಾಡೋ ಅಂಗಡಿಗೆ ಯಾಕ್ ಓಗ್ಬೇಕು?" ಎಂದು ಅಪ್ಪ ಹೆಮ್ಮೆಯಿಂದ ನನಗೇ ವಹಿಸಿದ್ದರು. ಮೇಲೆ ಅಜ್ಜ, ಪಕ್ಕಕ್ಕೆ 'ಮೃತ'. ಅಜ್ಜಿ. ಕೆಳಗೆ ಮೂರು ಮಕ್ಕಳು. ದೊಡ್ಡವಳು ಪಾಪಮ್ಮ, ಪಕ್ಕಕ್ಕೆ 'ಮೃತ'. ಆಮೇಲೆ ಅಪ್ಪ, ಚಿಕ್ಕಪ್ಪ.

ಅಪ್ಪ ಕರಡು ನೋಡಿ, "ಅವ್ಳ ಎಸ್ರು ಯಾಕೆ? ಬಿಟ್ಬಿಡು ಅದನ್ನ" ಎಂದರು.

"ಅಪ್ಪಾ, ವಂಶವೃಕ್ಷ ಅಂದ್ರೆ ಸತ್ತೋರನ್ನೂ ಹಾಕ್ಬೇಕು. ಇಲ್ಲಾಂದ್ರೆ ಸುಳ್ಳು ಪ್ರಮಾಣ ಆಗುತ್ತೆ" ಎಂದು ನಾನು ಅರೆಬೆಂದ ಪಾಠ ಒಪ್ಪಿಸಿದೆ. ಅಪ್ಪ ಆ ಕಾಗದವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಸೈನ್ ಹಾಕಿದರು.

ಪಾಪಮ್ಮತ್ತೆ ಸತ್ತಿದ್ದಾಳೆ ಎನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾನು ಹುಟ್ಟುವ ಮೊದಲೇ ಜ್ವರ ಬಂದು ಹೋದಳು ಎಂದು ಕೇಳಿ ಬೆಳೆದವಳು ನಾನು. ಪ್ರತಿ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅಜ್ಜನಿಗೆ ಪಂಚೆ, ಪಾಪಮ್ಮತ್ತೆಗೆ ಒಂದು ಹೊಸ ಸೀರೆ. ಸೀರೆಯ ಬಣ್ಣವನ್ನು ಅಜ್ಜಿಯೇ ಆರಿಸುತ್ತಿದ್ದಳು. ಹಬ್ಬ ಕಳೆದ ಮೇಲೆ ಆ ಸೀರೆ ಯಾರಿಗೆ ಹೋಗುತ್ತದೆ ಎಂದು ಕೇಳಿದರೆ, "ಯಾರೋ ಬಡವ್ರಿಗೆ" ಎನ್ನುತ್ತಿದ್ದಳು.

ಆ ವಂಶವೃಕ್ಷವನ್ನೇ ಇಂಗ್ಲಿಷಿಗೆ ಮಾಡಿ, ನೋಟರಿ ಮೊಹರಿನ ಪ್ರತಿಯೊಂದಿಗೆ, ನನ್ನ ಕೆಲಸದ ಮಾದರಿ ಎಂದು ಕಳಿಸಿದೆ. ಮೂರೇ ದಿನಕ್ಕೆ ಸಂದರ್ಶನದ ಕರೆ ಬಂತು. ಮನೆಯಲ್ಲಿ ಅಮ್ಮ ಪಾಯಸ ಮಾಡಿದಳು.

ಫರ್ಮಿನ ಆಫೀಸು ನಗರದ ನಡುವೆ, ಕಾಡುಗೋಡಿಯಿಂದ ಎರಡು ಗಂಟೆ ಬಸ್ಸು. ನನ್ನನ್ನು ನೋಡಿದ್ದು ಅಲ್ಲಿಯ ಪಾರ್ಟ್ನರ್ ಒಬ್ಬರು, ಐವತ್ತು ದಾಟಿದ ಹೆಂಗಸು. ಇಂಗ್ಲಿಷಿನಲ್ಲಿ ಶುರು ಮಾಡಿ, ನಾನು ಎರಡು ಸಲ ತೊದಲಿದ್ದನ್ನು ನೋಡಿ, ತಾವೇ ಕನ್ನಡಕ್ಕೆ ಇಳಿದರು. ಸಿವಿಯನ್ನು ಮುಟ್ಟಲೂ ಇಲ್ಲ. ವಂಶವೃಕ್ಷವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಪೆನ್ಸಿಲ್ಲಿನಿಂದ ಒಂದು ಹೆಸರಿನ ಕೆಳಗೆ ಗೆರೆ ಹಾಕಿದರು.

"ಇವರು ಯಾರು, ಪಾಪಮ್ಮ?"

"ನಮ್ಮತ್ತೆ ಮೇಡಂ. ತೀರ್ಕೊಂಡಿದಾರೆ."

"ಯಾವಾಗ?"

"ನಾನು ಹುಟ್ಟೋಕೆ ಮುಂಚೆ."

"ತಾರೀಖು? ಸತ್ತೋರೆಲ್ಲ ಒಂದು ತಾರೀಖಿಗೆ ಸತ್ತಿರ್ತಾರಲ್ವಾ? ಮದುವೆ ಆಗಿತ್ತಾ? ಮಕ್ಕಳಿದ್ರಾ? ಮರಣ ಪ್ರಮಾಣಪತ್ರ ಎಲ್ಲಿ?"

ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲಿದೆ ಎಂದು ಆ ಸೆಮಿಸ್ಟರಿನ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಒಳ್ಳೆಯ ಅಂಕ ತೆಗೆದವಳು ನಾನು. ಅವರು ಬೈಯಲಿಲ್ಲ. "ಈ ಒಂದು ಪದವನ್ನ ನಂಬಿ ಯಾರೋ ಮನೆ ತಗೋತಾರಮ್ಮ. ಶುಕ್ರವಾರ ಸಂಜೆಯೊಳಗೆ ಕಂಡುಹಿಡಿದು ಮೇಲ್ ಮಾಡು. ಅದನ್ನ ನೋಡಿ ನಿನ್ನ ಇಂಟರ್ನ್‌ಶಿಪ್ ವಿಷಯ ಹೇಳ್ತೀನಿ" ಎಂದರು. ಅವತ್ತು ಮಂಗಳವಾರ.

ಮನೆಗೆ ಬಂದು ಅಪ್ಪನನ್ನು ಕೇಳಿದರೆ, "ಯಾವ್ ಕಾಲದ ಮಾತದು, ಸರ್ಟಿಫಿಕೇಟು ಗಿರ್ಟಿಫಿಕೇಟು ಏನೂ ಇಲ್ಲ" ಎಂದು ಟವೆಲ್ ಕೊಡವಿ ಎದ್ದು ಹೋದರು. ಹಿತ್ತಲಲ್ಲಿ ಅಜ್ಜಿ ಹೊಲದಿಂದ ಬಂದ ಅವರೆಕಾಯಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದಳು: "ಸಾವಿನ್ ಕಾಗ್ದ ಬೇಕಾ? ಅತ್ತಿಬೆಲೆಗೆ ಓಗಿ ಕೇಳು. ಅಲ್ಲಿಗೇ ಒಂಟೋಗಿದ್ದು ಅವ್ಳು. ಮನೆ ಎಲ್ಲಿ ಅಂತ ನಮ್ ಹೂವಿನ ರತ್ನ ಹೇಳ್ತಾಳೆ." ಹೂವಿನ ರತ್ನ ಎಂದರೆ ನಮ್ಮ ಬೀದಿಗೆ ದಿನಾ ಹೂವು ತರುತ್ತಿದ್ದವಳು, ಅತ್ತಿಬೆಲೆ ಕಡೆಯಿಂದಲೇ ಹೂವು ಕೊಂಡು ತರುವವಳು. ನಾನು ಹೊರಡುವಾಗ ಅಜ್ಜಿ ಆ ಚೀಲವನ್ನು ನನ್ನ ಕೈಗೆ ಕೊಟ್ಟಳು. "ಬರಿಗೈಲಿ ಓಗ್ಬೇಡ. ಯಾರ್ ಇದ್ರೆ ಅವ್ರಿಗ್ ಕೊಡು."

ನನ್ನ ಬುದ್ಧಿಗೆ ಅಲ್ಲಿಯೂ ಬೆಳಕು ಹರಿಯಲಿಲ್ಲ. ಗುರುವಾರ ಬೆಳಿಗ್ಗೆ ವರ್ತೂರು, ಸರ್ಜಾಪುರ ದಾಟಿ, ಎರಡು ಬಸ್ಸು ಬದಲಿಸಿ ಅತ್ತಿಬೆಲೆಗೆ ಹೋದೆ. ಬಸ್ಸಿನ ತುಂಬ ಅವರೆಕಾಯಿ ವಾಸನೆ. ಪಕ್ಕದಲ್ಲಿ ಕೂತವರೆಲ್ಲ ಚೀಲ ಮುಟ್ಟಿ ನೋಡಿ ಒಳ್ಳೆ ಕಾಯಿ ಎಂದರು. ಫ್ಯಾಕ್ಟರಿಗಳ ಹಿಂದಿನ ಬೀದಿಯಲ್ಲಿ, ಶೀಟಿನ ಮಾಡಿನ ಸಾಲುಮನೆಗಳಲ್ಲಿ ಮೂರನೆಯದು. ಬಾಗಿಲ ಹೊರಗೆ ಐವತ್ತು ದಾಟಿದ ಒಬ್ಬ ಹೆಂಗಸು ಬಿಸಿಲು ಕಾಯಿಸುತ್ತ ಕೂತಿದ್ದಳು. ಒಳಗೆ ನನ್ನ ವಯಸ್ಸಿನ ಹುಡುಗಿಯೊಬ್ಬಳು ಮಧ್ಯಾಹ್ನದ ಶಿಫ್ಟಿಗೆ ತಲೆ ಬಾಚಿಕೊಳ್ಳುತ್ತಿದ್ದಳು.

"ಯಾರಮ್ಮ ಬೇಕು?"

"ಇಲ್ಲಿ ಪಾಪಮ್ಮ ಅಂತ ಒಬ್ರು ಇದ್ರಂತೆ. ತುಂಬಾ ವರ್ಷದ ಹಿಂದೆ ತೀರ್ಕೊಂಡ್ರಂತೆ. ಅವರ ಮನೆಯವರು ಯಾರಾದ್ರೂ ಇದ್ರೆ, ಮರಣ ಪತ್ರದ ಒಂದು ಜೆರಾಕ್ಸ್ ಬೇಕಿತ್ತು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಚೀಲ ನೋಡಿದಳು. ನಾನು ಆ ಹೊತ್ತಿಗೆ ಅವಳ ಸೀರೆ ನೋಡುತ್ತಿದ್ದೆ. ಗಿಳಿಹಸಿರು ಒಡಲು, ಅರಿಶಿನದ ಅಂಚು. ಮೂರು ತಿಂಗಳ ಹಿಂದೆ ಪಿತೃಪಕ್ಷದ ಎಡೆಯ ಮುಂದೆ ಕುಂಕುಮ ಇಟ್ಟು ನಾನೇ ಮಡಿಸಿಟ್ಟಿದ್ದ ಸೀರೆ. ಅಂಚಿನ ಮೇಲೆ ದೀಪದ ಎಣ್ಣೆ ಚೆಲ್ಲಿ ಆದ ಕಲೆಯೂ ಹಾಗೇ ಇತ್ತು. ಹಾಡಹಗಲು, ಎದುರಿಗೆ ಲಾರಿಗಳು ಓಡಾಡುತ್ತಿದ್ದವು, ಆದರೂ ಹೆದರಿದೆ.

"ನೀನು ಸೀನಪ್ಪನ ಮಗಳಾ?" ಎಂದಳು. ಅಪ್ಪನ ಹೆಸರು ಅದೇ.

"ಹೂಂ."

"ಕೂತ್ಕೊ ಬಾ. ಸತ್ತಿರೋಳು ನಾನೇ."

ಆಮೇಲೆ ನಕ್ಕಳು. ಅಪ್ಪನ ನಗುವೇ. ಒಳಗಿದ್ದ ಹುಡುಗಿ ಬಾಚಣಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು. "ಇವ್ಳು ಮಂಜುಳ, ನನ್ ಮಗ್ಳು. ಮಂಜೂ, ಇವ್ಳು ನಿಮ್ ಮಾವನ್ ಮಗ್ಳು ಕಣೇ" ಎಂದು ಪರಿಚಯ ಮಾಡಿಸಿದಳು. ಮಂಜುಳ ನನ್ನನ್ನು ನೋಡುತ್ತಲೇ ಮತ್ತೆ ತಲೆ ಬಾಚತೊಡಗಿದಳು.

ಅತ್ತೆ ಚೀಲದ ಬಾಯಿ ಬಿಚ್ಚಿ ಮುಖವನ್ನೇ ಅದರೊಳಗೆ ಇಟ್ಟಳು. ಬಹಳ ಹೊತ್ತು ಎತ್ತಲಿಲ್ಲ. "ನಮ್ ತೆಂಕ್ಲ ಒಲದ ಕಾಯಿ" ಎಂದಳು. "ಇನ್ನೂ ಅಂಗೇ ಐತೆ ಸೊಗಡು." ಮುಂದಿನದನ್ನೆಲ್ಲ ಕಾಯಿ ಬಿಡಿಸುತ್ತಲೇ ಹೇಳಿದಳು. ಬೇರೆ ಜಾತಿಯ, ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವನನ್ನು ಮೆಚ್ಚಿ ಹೋದದ್ದು. ಮಾರನೆಯ ದಿನವೇ ಅಜ್ಜ ಊರ ಕೆರೆಗೆ ಹೋಗಿ, ಮಗಳು ಸತ್ತಳೆಂದು ಎಳ್ಳುನೀರು ಬಿಟ್ಟು, ತಲೆಗೆ ಸ್ನಾನ ಮಾಡಿ ಬಂದದ್ದು. ಗಂಡ ಈಗಿಲ್ಲ ಎನ್ನುವುದು. "ಅವ್ವ ವರ್ಷಕ್ಕೊಂದು ಸೀರೆ ರತ್ನನ ಕೈಲಿ ಕಳಿಸ್ತಾಳೆ. ಸತ್ತೋರಿಗ್ ಇಟ್ಟಿದ್ದು ಅಂತ ಗೊತ್ತು. ಉಡ್ಬಾರ್ದು ಅಂತಾರೆ ಅಕ್ಕಪಕ್ಕದೋರು. ನನಗೇ ಇಟ್ಟಿದ್ದನ್ನ ನಾನ್ ಉಡ್ದೆ ಇನ್ಯಾರ್ ಉಡ್ಬೇಕು?"

ನಾನು ವಂಶವೃಕ್ಷದ ವಿಷಯ ಹೇಳಿದೆ. ಮುಚ್ಚಿಡಲಿಲ್ಲ, ಅಷ್ಟು ಮಾತ್ರ ನನ್ನ ಪುಣ್ಯ. ಕಾಗದದಲ್ಲಿ ತನ್ನ ಹೆಸರಿನ ಪಕ್ಕ ಏನು ಬರೆದಿದೆ ಎಂದು ಕೇಳಿದಳು. ತೋರಿಸಿದೆ. ಅವಳಿಗೆ ಓದಲು ಬರುತ್ತಿತ್ತು, ನಿಧಾನವಾಗಿ. 'ಮೃತ' ಎಂಬುದರ ಮೇಲೆ ಬೆರಳಿಟ್ಟಳು, ಬೆರಳಿನ ಅವರೆ ಅಂಟು ಕಾಗದಕ್ಕೆ ಹತ್ತಿತು.

"ನಿಮ್ ತಾತ ಬಾಯಲ್ಲಿ ಹೇಳಿದ್ದು ಬಿಡು, ಸಿಟ್ಟು. ಇದು ಮೊಹರು ಹಾಕಿರೋದು. ಇದೊಂದ್ ಪದ ತೆಗ್ಸಿಬಿಡು ಮಗಾ. ಒಲ ಗಿಲ ಏನೂ ಬೇಡ ನಂಗೆ. ಎಲ್ಲಿ ಸೈನ್ ಹಾಕು ಅಂದ್ರೆ ಅಲ್ಲಿ ಹಾಕ್ತೀನಿ. ಮನೆಗ್ ಕರ್ಕೊಂಡೋಗಿ ಹಾಕ್ಸಿ. ಬದ್ಕಿರೋಳು ಬಂದು ಸೈನ್ ಹಾಕಿ ಓದ್ಲು ಅಂತ ಆಗ್ಲಿ, ಸಾಕು."

"ತೆಗೆಸ್ತೀನಿ ಅತ್ತೆ" ಎಂದೆ. ಕೈ ಮೇಲೆ ಕೈ ಇಟ್ಟು ಹೇಳಿದೆ. ಅಂಟು ನನ್ನ ಕೈಗೂ ಹತ್ತಿತು.

ಆ ರಾತ್ರಿ ಅಪ್ಪನ ಮುಂದೆ ಎಲ್ಲ ಹೇಳಿದೆ. ಅವರು ಕೂಗಾಡಿದ್ದರೆ ನನಗೂ ಕೂಗಾಡಲು ಬರುತ್ತಿತ್ತು. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. "ನಮ್ಮಪ್ಪ ಎಳ್ಳುನೀರ್ ಬಿಟ್ಟಾಗ ಪಕ್ಕದಲ್ಲಿ ಚೊಂಬು ಹಿಡ್ಕೊಂಡು ನಿಂತಿದ್ದೋನು ನಾನು. ಸೈನ್ ಹಾಕು ಬಾಕ್ಕಾ ಅಂತ ಯಾವ್ ಮುಖ ಹೊತ್ಕೊಂಡ್ ಕರೀಲಿ? ಅವ್ಳು ಈ ಹೊಸ್ಲು ದಾಟಿದ್ರೆ ನಾನ್ ಎಲ್ಲಿಗ್ ಓಗ್ಲಿ?" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ದಾರಿ ಹುಡುಕಿದರು. "ಆ ಪದ ಬೇಡ ಅಂದ್ಲು ತಾನೆ? ತೆಗಿ. ಜೊತೇಲಿ ಎಸ್ರೂ ತೆಗ್ದಾಕು. ನಾನ್ ಮೊದ್ಲೇ ಬೇಡ ಅಂದಿದ್ದೆ. ಸಂಕ್ರಾಂತಿ ಕಳೀತಿದ್ದಂಗೆ ಅಗ್ರಿಮೆಂಟ್ ಐತೆ."

ಅಪ್ಪನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಎಷ್ಟೋ ವರ್ಷ ಹಾಗೇ ಮಾಡಿದೆ. ಆದರೆ ಕೀಲಿಮಣೆ ಇದ್ದದ್ದು ನನ್ನ ಮುಂದೆ. ಶುಕ್ರವಾರ ಸಂಜೆ ಐದಕ್ಕೆ ಲ್ಯಾಪ್‌ಟಾಪ್ ತೆರೆದು ಕೂತೆ. ಮೊದಲು ಆ ಪದವನ್ನು ಅಳಿಸಿದೆ. ತೆರೆಯ ಮೇಲೆ 'ಪಾಪಮ್ಮ' ಎಂದು ಬರೀ ಹೆಸರು ಉಳಿಯಿತು, ಅಪ್ಪನ ಹೆಸರಿನ ಪಕ್ಕ, ಅಜ್ಜ ಅಜ್ಜಿಯ ಕೆಳಗೆ, ಬದುಕಿರುವವರ ಹಾಗೆ. ಒಂದೈದು ನಿಮಿಷ ಹಾಗೇ ನೋಡುತ್ತ ಕೂತಿದ್ದೆ. ಅಷ್ಟಕ್ಕೇ ನಿಲ್ಲಿಸಿ ಕಳಿಸಿದ್ದರೆ, ನನ್ನ ಕೆಲಸದ ಮಾದರಿಯೇ ಸುಳ್ಳು ಪ್ರಮಾಣವಾಗಿತ್ತು ಎಂದು ನಾನೇ ಬರೆದುಕೊಟ್ಟ ಹಾಗಾಗುತ್ತಿತ್ತು. ಇಂಟರ್ನ್‌ಶಿಪ್ ಯಾರು ಕೊಡುತ್ತಾರೆ? ಆಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ. ಅತ್ತೆಯಲ್ಲ, ಅಪ್ಪನ ಮರ್ಯಾದೆಯಲ್ಲ, ಹೊಲವೂ ಅಲ್ಲ. ಮೂವತ್ತೆರಡರಲ್ಲಿ ಉಳಿದದ್ದು ಇದೊಂದು, ಇದೂ ಹೋದರೆ ಗತಿಯೇನು ಎಂದು.

ಕೊನೆಯ ಅಕ್ಷರದಿಂದ ಅಳಿಸುತ್ತ ಬಂದೆ. ಗೆರೆಯೊಂದು ತೂಗಾಡುತ್ತ ಉಳಿಯಿತು, ಅದನ್ನೂ ಅಳಿಸಿದೆ. ಅಜ್ಜನಿಗೆ ಎರಡೇ ಮಕ್ಕಳಾದರು. ಮೇಲ್‌ನಲ್ಲಿ ಹೀಗೆ ಬರೆದೆ: ವಿಚಾರಿಸಲಾಗಿ ಪಾಪಮ್ಮ ಎಂಬುವವರು ನಮ್ಮ ಕುಟುಂಬದವರಲ್ಲ, ಊರಿನ ಸಂಬಂಧದವರು. ನಮ್ಮ ಹಳ್ಳಿಗಳಲ್ಲಿ ಹಿರಿಯ ಹೆಂಗಸರನ್ನೆಲ್ಲ ಅತ್ತೆ ಎಂದೇ ಕರೆಯುವುದರಿಂದ ನನ್ನಿಂದ ಈ ತಪ್ಪಾಗಿದೆ. ತಿದ್ದಿದ ಪ್ರತಿಯನ್ನು ಲಗತ್ತಿಸಿದ್ದೇನೆ.

ಎಂಥ ಒಪ್ಪವಾದ ಸುಳ್ಳು. ನಗರದವರು ಯಾರಾದರೂ ನಂಬುವಂಥದು. ಸೋಮವಾರ ಉತ್ತರ ಬಂತು. ತಪ್ಪನ್ನು ತಾನೇ ಹುಡುಕಿ ಒಪ್ಪಿಕೊಂಡದ್ದು ಮೆಚ್ಚುಗೆಯಾಯಿತು, ಮೇ ತಿಂಗಳ ಮೊದಲ ಸೋಮವಾರ ಬನ್ನಿ ಎಂದಿದ್ದರು. ಅಮ್ಮ ಮತ್ತೆ ಪಾಯಸ ಮಾಡಿದಳು. ಅಜ್ಜಿ ತಿನ್ನಲಿಲ್ಲ, ಹಲ್ಲುನೋವು ಎಂದಳು. ಅತ್ತಿಬೆಲೆಯ ಬಗ್ಗೆ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು: "ಕಾಯಿ ಬಿಡಿಸಿದ್ಲಾ?"

"ಹೂಂ ಅಜ್ಜಿ."

"ಅವ್ಳಿಗ್ ಇಷ್ಟ" ಎಂದಳು.

ಆ ಬೇಸಿಗೆ ಹೊರಗೆ ಬೆಂಕಿ ಸುರಿಯುತ್ತಿತ್ತು, ಆಫೀಸಿನೊಳಗೆ ಎಸಿ ಚಳಿಗೆ ನಾನು ಶಾಲು ಹೊದ್ದು ಕೂರುತ್ತಿದ್ದೆ. ಕಾಗದ ಚೆನ್ನಾಗಿ ನೋಡುತ್ತಾಳೆ ಎಂದು ನನಗೆ ಕೊಟ್ಟದ್ದೆಲ್ಲ ಬೇರೆಯವರ ವಂಶವೃಕ್ಷಗಳು. ವೈಟ್‌ಫೀಲ್ಡ್ ಸುತ್ತಿನ ಹಳ್ಳಿಗಳ ಮನೆತನಗಳು, ಒಂದರ ಹಿಂದೆ ಒಂದು. ಎಷ್ಟೋ ಮನೆಗಳಲ್ಲಿ ಗಂಡು ಮಕ್ಕಳೇ ಹುಟ್ಟಿದ್ದರು. ಐದೈದು ಗಂಡು, ಒಂದೂ ಹೆಣ್ಣಿಲ್ಲ. ಮೊದಲಾಗಿದ್ದರೆ ನನಗೆ ಅದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಯಾರೋ ಕೂತು ಕಾಯಿ ಬಿಡಿಸುತ್ತಿರುವ ಹಾಗೆ ಅನಿಸುತ್ತಿತ್ತು. ಕೆಲವು ಕಡೆ ಪೆನ್ಸಿಲ್ಲಿನಲ್ಲಿ 'ಹೆಣ್ಣುಮಕ್ಕಳು?' ಎಂದು ಬರೆದಿಡುತ್ತಿದ್ದೆ. ಮೇಡಂ ಅದನ್ನು ನೋಡಿ ಬೆನ್ನು ತಟ್ಟಿದರು. ಒಂದು ದಿನ ಊಟದ ಹೊತ್ತಿಗೆ, "ಅಲ್ಲಮ್ಮ, ಸ್ವಂತ ಅತ್ತೆ ಯಾರು, ಊರತ್ತೆ ಯಾರು ಅಂತಾನೂ ಗೊತ್ತಾಗಲ್ವಾ ನಿಮ್ಮಲ್ಲಿ?" ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ತಿದ್ದಿದ ಕಾಗದಕ್ಕೇ ಅಪ್ಪ ಮತ್ತೆ ನೋಟರಿ ಮುಂದೆ ಸೈನ್ ಹಾಕಿದ್ದರು, ಹೊಲ ಹೋಯಿತು. ಹೂಡಿಯಲ್ಲಿ ಮೆಟ್ರೊ ಹಾದುಹೋಗುವಾಗ ಎಡಗಡೆ ಕಾಣುವ ಕಟ್ಟಡಗಳಲ್ಲಿ ಒಂದರ ಬುಡದಲ್ಲಿ ನಮ್ಮ ಅವರೆ ಸಾಲುಗಳಿದ್ದವು, ಯಾವುದೆಂದು ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಎರಡು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು. ಆ ಪಿತೃಪಕ್ಷದಲ್ಲಿ ಅಜ್ಜಿಗೆ ಸೀರೆ ಇಟ್ಟೆವು. ಪಾಪಮ್ಮತ್ತೆಗೆ ಇಡಬೇಕಾ ಎಂದು ಅಮ್ಮ ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು. ನಾನು ದೀಪಕ್ಕೆ ಎಣ್ಣೆ ಹಾಕುತ್ತ ಕೂತೆ. ಬದುಕಿರುವವರಿಗೆ ಎಡೆ ಇಡಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೂವಿನ ರತ್ನ ಅಜ್ಜಿ ಹೋಗುವ ಮೊದಲೇ ವ್ಯಾಪಾರ ಬಿಟ್ಟಿದ್ದಳು, ನಾನೂ ಅತ್ತಿಬೆಲೆಗೆ ಹೋಗಿ ಹೇಳಲಿಲ್ಲ. ಹೇಳಿದ್ದರೆ, ಪದ ತೆಗೆಸಿದೆಯಾ ಎಂಬ ಪ್ರಶ್ನೆ ತಿರುಗಿ ಬರುತ್ತಿತ್ತಲ್ಲ.

ಓದು ಮುಗಿಸಿ, ಫರ್ಮಿನಲ್ಲಿ ಮೂರು ವರ್ಷ ಕೆಲಸ ಮಾಡಿ, ಬಿಟ್ಟು ಬಂದು ಕಾಡುಗೋಡಿಯಲ್ಲಿ ಬೋರ್ಡು ಹಾಕಿದೆ. ಆಸ್ತಿ ಕಾಗದ ನೋಡಿಕೊಡುವುದೇ ನನ್ನ ಕಸುಬು. ವಂಶವೃಕ್ಷ ತಂದವರನ್ನು ನಾನು ಪೀಡಿಸುವುದು ಊರಿಗೆಲ್ಲ ಗೊತ್ತು. "ಆ ಲಾಯರಮ್ಮನ ಹತ್ರ ಹೋಗ್ಬೇಡ ಗುರು, ಸತ್ತ ಅಜ್ಜೀನೂ ಕರ್ಕೊಂಡ್ ಬಾ ಅಂತಾಳೆ" ಎಂದು ಬ್ರೋಕರ್‌ಗಳು ಆಡಿಕೊಳ್ಳುತ್ತಾರೆ.

ಹೋದ ಸೋಮವಾರ ಬೆಳಿಗ್ಗೆ ಆಫೀಸಿಗೆ ಒಬ್ಬ ಹೆಂಗಸು ಬಂದಳು. ಫ್ಯಾಕ್ಟರಿಯ ಐಡಿ ಕಾರ್ಡ್ ಕೊರಳಲ್ಲೇ ಇತ್ತು. ನಾನು ಗುರುತು ಹಿಡಿಯಲಿಲ್ಲ.

"ಅತ್ತಿಬೆಲೆಗೆ ಅವರೆಕಾಯಿ ತಂದಿದ್ರಲ್ಲ ಅಕ್ಕ. ನಾನು ಮಂಜುಳ. ಊರಲ್ಲಿ ಕೇಳ್ದೆ, ಲಾಯರಮ್ಮ ಅಂದ್ರೆ ಎಲ್ರೂ ತೋರ್ಸಿದ್ರು."

ಕುರ್ಚಿ ತೋರಿಸಿದೆ. ಅವಳು ಅಂಚಿನಲ್ಲಿ ಕೂತು, ಬ್ಯಾಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

"ಅಮ್ಮ ಹೋದ ತಿಂಗಳು ತೀರ್ಕೊಂಡ್ರು. ಆಸ್ಪತ್ರೇಲಿ ಇದ್ದಾಗ್ಲೇ ಹೇಳಿದ್ರು. ನಾನ್ ಹೋದ್ಮೇಲೆ ಸಾವಿನ ಕಾಗ್ದ ಒಂದು ಜಾಸ್ತಿ ತಗೊಂಡು ಕಾಡುಗೋಡಿಲಿ ಸೀನಪ್ಪನ ಮಗಳಿಗೆ ಕೊಟ್ಬಿಟ್ ಬಾ, ಪಾಪ, ಮಗು ಅವತ್ತು ಅಷ್ಟು ದೂರದಿಂದ ಇದನ್ನ ಕೇಳ್ಕೊಂಡು ಬಂದು ಬರಿಗೈಲಿ ಹೋಯ್ತು, ಅಂತ."

ಅತ್ತೆ ಇದನ್ನು ಕನಿಕರದಿಂದ ಹೇಳಿದಳೋ, ಚುಚ್ಚಲೆಂದು ಹೇಳಿದಳೋ ಗೊತ್ತಾಗಲಿಲ್ಲ. ಮಂಜುಳನ ಮುಖದಲ್ಲಿ ಎರಡೂ ಇರಲಿಲ್ಲ. ಹಾಳೆಯನ್ನು ಎತ್ತಿಕೊಂಡೆ. ಹೆಸರು ಪಾಪಮ್ಮ. ತಂದೆಯ ಹೆಸರಿನ ಮುಂದೆ ನಮ್ಮ ಅಜ್ಜನ ಹೆಸರು, ತಾಯಿಯ ಹೆಸರಿನ ಮುಂದೆ ಅಜ್ಜಿಯ ಹೆಸರು, ಎರಡೂ ತಪ್ಪಿಲ್ಲದೆ, ಸರ್ಕಾರದ ಮೊಹರಿನ ಸಮೇತ.

"ಅಜ್ಜಿ ಹೋಗಿದ್ದು ನಮಗೆ ಯಾರೂ ಹೇಳ್ಲಿಲ್ಲ. ಆ ವರ್ಷ ಸೀರೆ ಬರ್ಲಿಲ್ವಲ್ಲ, ಅವಾಗ ಅಮ್ಮಂಗೆ ಗೊತ್ತಾಯ್ತು. ಇದ್ದಿದ್ರೆ ಕಳಿಸ್ತಿದ್ಲು ಅಂತ ಒಂದಿನ ಪೂರ್ತಿ ಅತ್ರು" ಎಂದಳು ಮಂಜುಳ. ಅವಳು ಹೊರಡಲು ಎದ್ದು, ಬಾಗಿಲ ಹತ್ತಿರ ನಿಂತು ತಿರುಗಿದಳು.

"ಒಂದು ಕೇಳ್ಬೇಕಿತ್ತು ಅಕ್ಕ. ಅಮ್ಮ ಆಗಾಗ ಅಂತಾನೇ ಇದ್ರು, ಆ ಹುಡುಗಿ ಪದ ತೆಗ್ಸಿರ್ತಾಳೆ, ಮಾತು ಕೊಟ್ಟಿದಾಳೆ ಅಂತ. ತೆಗ್ಸಿದ್ರಾ?"

"ತೆಗ್ಸಿದೆ" ಎಂದೆ.

"ಅಷ್ಟು ಸಾಕು ಬಿಡಿ. ಅಮ್ಮಂಗೆ ಹೇಳ್ತೀನಿ" ಎಂದು, ಹೇಳಲು ಅಮ್ಮ ಈಗ ಇಲ್ಲವೆಂದು ನೆನಪಾಗಿ, ಒಂದು ಕ್ಷಣ ತಡೆದು, ಮೆಟ್ಟಿಲಿಳಿದು ಹೋದಳು.

ಅಂದು ರಾತ್ರಿ ಅಪ್ಪನಿಗೆ ಆ ಹಾಳೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. "ನೀರು ಯಾರ್ ಬಿಟ್ರಂತೆ?" ಎಂದು ಕೇಳಿದರು. ಮಗಳು ಬಿಟ್ಟಿರುತ್ತಾಳೆ ಎಂದೆ. ಹಾಳೆಯನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು, ಇನ್ನೂ ವಾಪಸು ಕೊಟ್ಟಿಲ್ಲ.

ಎರಡು ವಂಶವೃಕ್ಷಗಳೂ ನನ್ನ ಬೀರುವಿನಲ್ಲಿವೆ, ಮೊದಲನೆಯದೂ ತಿದ್ದಿದ್ದೂ. ಮೊದಲನೆಯದರ ಮೇಲೆ ಅತ್ತೆಯ ಬೆರಳಿನ ಕಲೆ ಕಂದುಬಣ್ಣಕ್ಕೆ ತಿರುಗಿದೆ. ನಾಳೆ ಬೆಳಗಿನ ಬಸ್ಸಿಗೆ ಅತ್ತಿಬೆಲೆಗೆ ಹೋಗುತ್ತೇನೆ. ಬರಿಗೈಯಲ್ಲಿ ಹೋಗಬಾರದೆಂದು ನಿನ್ನೆ ಅವರೆಕಾಯಿ ತಂದೆ. ಎರಡು ಕಾಗದಗಳನ್ನೂ ಮಂಜುಳನ ಮುಂದೆ ಬಿಡಿಸಿಟ್ಟು, ಪದದ ಜೊತೆಗೆ ನಾನು ಇನ್ನೇನನ್ನು ತೆಗೆದೆ ಎಂಬುದನ್ನು ಅವಳಿಗೆ ಹೇಳಬೇಕು.